ಗುಡ್ಡದ ದೇವರ ಹೆಸರು

ಹೊಳೆವ್ವನ ಬಾಯಿ ಎಂಥದ್ದು ಎಂದು ದಾಂಡೇಲಿಯ ಸಂತೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಜೋಳದ ವ್ಯಾಪಾರಿ ತೂಕದಲ್ಲಿ ಒಂದಿಷ್ಟು ಕೈಚಳಕ ತೋರಿಸಿದನೋ, ಅವನ ಹಿಂದಿನವರು ಮುಂದಿನವರನ್ನೆಲ್ಲ ಅದೇ ತಕ್ಕಡಿಗೆ ಹಾಕಿ ತೂಗುತ್ತಾಳೆ. ಗ್ಯಾಸ್ ಸಿಲಿಂಡರ್ ತರುವವನು ಅವಳ ಓಣಿಗೆ ಬಂದರೆ ಮೊದಲು ಅವಳ ಮನೆಗೇ ಇಳಿಸಿ ಮುಂದೆ ಹೋಗುತ್ತಾನೆ, ಬೈಗುಳ ತಿನ್ನುವುದಕ್ಕಿಂತ ಅದೇ ಸುಲಭ ಎಂದು. ರೊಟ್ಟಿ ಬಡಿಯುವುದು ಅವಳ ಉದ್ಯೋಗ. ಕಾಗದದ ಮಿಲ್ಲಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಮುಂದೆ ತಗಡಿನ ಚಪ್ಪರ, ಅದರಡಿ ಎರಡು ಒಲೆ. ಊರಿನ ಖಾನಾವಳಿಗಳಿಗೂ ಕುಳಗಿ ದಾರಿಯ ಹೋಂಸ್ಟೇಗಳಿಗೂ ಅವಳದೇ ಜೋಳದ ರೊಟ್ಟಿ. ಕಾಡು ನೋಡಲು ಬಂದ ಪೇಟೆಯ ಜನ ಫೋಟೋ ತೆಗೆದುಕೊಂಡು ತಿನ್ನುತ್ತಾರೆ. ತಿನ್ನಲಿ, ಅವರಿಂದಲೇ ಮನೆ ನಡೆಯುವುದು.

ಇಷ್ಟು ಬಾಯಿಯ ಹೆಂಗಸಿನ ಬಾಯಲ್ಲಿ ಬಾರದ ಮಾತು ಒಂದೇ ಒಂದು, ಅದು ಗಂಡನ ಹೆಸರು. ರೇಷನ್ ಅಂಗಡಿಯಲ್ಲಿ ಕೇಳಿದರೆ, "ನಿಮಗ ಗೊತ್ತೈತಲ್ಲ, ಬರಕೋರಿ" ಎನ್ನುತ್ತಾಳೆ. ಮತದ ಪಟ್ಟಿಯವರು ಮನೆಗೆ ಬಂದರೆ ಮಗಳು ಸ್ವಪ್ನಾಳನ್ನು ಕೂಗಿ ಕರೆಯುತ್ತಾಳೆ. ಮಗಳು ಇಲ್ಲದಿದ್ದರೆ ಬಾಜೂ ಮನೆಯವಳನ್ನು. ಮಿಕ್ಕ ಹೊತ್ತೆಲ್ಲ "ನಮ್ಮವ್ರು", ಇಲ್ಲವೇ "ಸ್ವಪ್ನಾನ ಅಪ್ಪ". ಮದುವೆಯಾಗಿ ಹೊಸ್ತಿಲು ದಾಟುವಾಗ ಹೆಂಗಸರು ಅಡ್ಡ ನಿಂತು ಒಡಪು ಹೇಳಿಸುತ್ತಾರಲ್ಲ, ಪದ್ಯದ ನಡುವೆ ಗಂಡನ ಹೆಸರು ಸೇರಿಸಿ ಹೇಳಿದ ಮೇಲೆಯೇ ಒಳಗೆ ಬಿಡುವುದು, ಆವತ್ತು ಒಂದು ಸಲ ಹೇಳಿದ್ದು. ಅದೂ ತಲೆ ತಗ್ಗಿಸಿ, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ನಗಬೇಡಿ. ಓದಿದವರಿಗೆ ಇದೆಲ್ಲ ತಮಾಷೆ, ಗಂಡನನ್ನು ಹೋಗೋ ಬಾರೋ ಎನ್ನುವವರು ನಾವು. ಹೊಳೆವ್ವನ ತವರು ಅಳ್ನಾವರದ ಕಡೆ. ಅವಳು ಲಂಗ ಹಾಕುವ ವಯಸ್ಸಿನಲ್ಲಿ ಅವಳ ಸೋದರತ್ತೆ ಜಗಳದ ಸಿಟ್ಟಿನಲ್ಲಿ ಗಂಡನನ್ನು ಹೆಸರು ಹಿಡಿದು ಕೂಗಿದ್ದಳು, ಇಡೀ ಓಣಿ ಕೇಳುವ ಹಾಗೆ. ಅದೇ ಸುಗ್ಗಿಯಲ್ಲಿ ಹೊಲದಲ್ಲಿ ಹಾವು ಮುಟ್ಟಿ ಆ ಮನುಷ್ಯ ಹೋದ. ಊರೆಲ್ಲ ಹಾವನ್ನು ಬಿಟ್ಟು ಅತ್ತೆಯ ನಾಲಿಗೆಯನ್ನು ಬೈಯಿತು. ಹೆಸರು ಎತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವುದು ಹೊಳೆವ್ವನಿಗೆ ಯಾರೋ ಹೇಳಿದ ಮಾತಲ್ಲ, ಅವಳು ಕಣ್ಣಾರೆ ಕಂಡದ್ದು.

ಗಂಡನ ಹೆಸರು ಜ್ಯೋತಿಬಾ. ಹೇಳಲು ನನಗೇನು ಅಡ್ಡಿ? ಬೆಳಗಾವಿ ಕಡೆಯ ಮನುಷ್ಯ, ಮನೆತನದ ದೇವರ ಹೆಸರು. ಮಿಲ್ಲಿನಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ, ಗುತ್ತಿಗೆ ಹೋದ ಮೇಲೆ ಗೋವಾದಲ್ಲಿ ಕಬ್ಬಿಣದ ಶೆಡ್ ಎಬ್ಬಿಸುವ ಕೆಲಸಕ್ಕೆ ಸೇರಿದ. ಮಾತು ಕಡಿಮೆ, ಹೆಂಡತಿ ಇಬ್ಬರಿಗೂ ಸಾಕಾಗುವಷ್ಟು ಆಡುತ್ತಾಳೆ ಎಂದು ಸುಮ್ಮನಿರುತ್ತಿದ್ದ. ಎರಡು ವಾರಕ್ಕೊಮ್ಮೆ ಬಂದು ಅವಳ ಎದುರಿಗೆ ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ ತಿಂದು ಹೋಗುತ್ತಿದ್ದ.

ಆ ದಿನ ಬೆಳಗಿನ ರೊಟ್ಟಿ ಇನ್ನೂ ಅರ್ಧವೂ ಆಗಿರಲಿಲ್ಲ. ಗಂಡನ ಫೋನಿನಿಂದಲೇ ಕರೆ ಬಂತು, ದನಿ ಮಾತ್ರ ಅವನದಲ್ಲ.

"ವೈನಿ, ನಾ ಪುಂಡಲೀಕ." ಪುಂಡಲೀಕ ಹಳಿಯಾಳದವನು, ಅದೇ ಶೆಡ್ಡಿನ ಕೆಲಸದವನು, ಜ್ಯೋತಿಬಾನನ್ನು ಅಣ್ಣ, ಹೊಳೆವ್ವನನ್ನು ವೈನಿ, ಎಂದರೆ ಅತ್ತಿಗೆ, ಎನ್ನುವವನು. "ಗಾಬರಿ ಆಗಬ್ಯಾಡ್ರಿ. ಅಣ್ಣನ ಕಾಲ ಮ್ಯಾಲ ಕಬ್ಬಿಣದ ತೊಲಿ ಬಿದ್ದೈತಿ. ದವಾಖಾನಿಗೆ ತಂದೇವಿ."

"ಜೀವಕ್ಕ?"

"ಜೀವಕ್ಕೇನಿಲ್ರಿ. ಕಾಲಂದ ಹೇಳಾಕ ಬರೂದಿಲ್ಲ. ಮಣಕಾಲ ಹಿಂದಿನ ನೆತ್ತರದ ನರ ಹರದೈತಂತ. ಮಧ್ಯಾಹ್ನದ ಒಳಗ ಕೂಡಿಸಿದ್ರ ಕಾಲು ಉಳೀತೈತಿ, ಇಲ್ಲಂದ್ರ ಇಲ್ಲ ಅಂತಾರ. ದೊಡ್ಡ ದವಾಖಾನಿ ದೂರ ಐತ್ರಿ, ಅಲ್ಲಿಗೆ ಒಯ್ಯೂದ್ರಾಗ ಹೊತ್ತು ಮೀರತೈತಿ. ಇಲ್ಲಿ ಅರವತ್ತು ಸಾವಿರ ಮೊದಲ ಕಟ್ಟಬೇಕಂತ. ಗುತ್ತಿಗೆದಾರ ಫೋನ್ ಬಂದ್ ಮಾಡಿಕೊಂಡಾನ. ಅಣ್ಣನ ಖಾತೆಕ್ಕ ಹಾಕ್ರಿ, ಎಟಿಎಂ ನನ್ನ ಕಡೆ ಐತಿ."

ಒಲೆಯ ಮೇಲಿನ ರೊಟ್ಟಿ ಕರಿಯಾಯಿತು. ಹೊಳೆವ್ವ ಕೂತು ಅಳುವ ಜಾತಿಯಲ್ಲ. ಎದ್ದವಳೇ ಭಿಶಿ ನಡೆಸುವ ಅನ್ನಪೂರ್ಣಾಳ ಮನೆಗೆ ಓಡಿದಳು. ಭಿಶಿ ಎಂದರೆ ಓಣಿಯ ಹೆಂಗಸರು ತಿಂಗಳಿಗೆ ಇಷ್ಟಿಷ್ಟು ಎಂದು ಕೂಡಿಸಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಹಣ. ಈ ಸಲದ ಸರದಿ ಬೇರೆ ಯಾರದೋ. ವಿಷಯ ಕೇಳಿದ್ದೇ ಆಕೆ ಬಿಟ್ಟುಕೊಟ್ಟಳು, ಅನ್ನಪೂರ್ಣಾ ಅಲ್ಲೇ ಫೋನಿನಿಂದ ಹೊಳೆವ್ವನ ಖಾತೆಗೆ ಕಳಿಸಿದಳು. ಖಾತೆಯಲ್ಲಿ ಮೊದಲೇ ಇದ್ದದ್ದು ಸ್ವಪ್ನಾಳ ಕಾಲೇಜಿನ ಕೊನೆಯ ವರ್ಷದ ಫೀ. ಎರಡೂ ಸೇರಿ ಬೇಕಾದಷ್ಟಾಯಿತು.

ಇನ್ನು ಅದನ್ನು ಕಳಿಸಬೇಕು. ಹೊಳೆವ್ವನ ಬ್ಯಾಂಕು ಒಂದು, ಗಂಡನ ಬ್ಯಾಂಕು ಇನ್ನೊಂದು. ಆದರೆ ಈಗ ಅದೇನು ಕಷ್ಟವಲ್ಲ. ಸ್ವಪ್ನಾ ತಾಯಿಯ ಫೋನಿನಲ್ಲೇ ಬ್ಯಾಂಕಿನ ಆಪ್ ಹಾಕಿ, ಅಪ್ಪನ ಖಾತೆಯ ನಂಬರನ್ನು ಅದರಲ್ಲಿ ಸೇರಿಸಿಟ್ಟಿದ್ದಳು. ಹಾಗೆ ಮೊದಲೇ ಸೇರಿಸಿಟ್ಟದ್ದೇ ದೊಡ್ಡದು. ಹೊಸ ಖಾತೆ ಸೇರಿಸಿದರೆ ಒಂದು ದಿನ ಕಳೆಯುವ ತನಕ ದೊಡ್ಡ ಮೊತ್ತ ಬಿಡುವುದಿಲ್ಲ. ಗುಪ್ತ ಸಂಖ್ಯೆ ಒತ್ತುವುದು ಹೊಳೆವ್ವನಿಗೆ ಬರುತ್ತಿತ್ತು. ಅದರಲ್ಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಸ್ವಪ್ನಾ ಧಾರವಾಡದಲ್ಲಿ ಪರೀಕ್ಷೆಗೆ ಕೂತಿದ್ದಳು, ಫೋನು ಬಂದ್. ಅನ್ನಪೂರ್ಣಾಳಿಗೇ ಈ ಫೋನು ಕೊಟ್ಟು ಕಳಿಸಲು ಹೇಳಬಹುದಿತ್ತು, ಆಗ ಅದು ಹೊಳೆಯಲಿಲ್ಲ. ದವಾಖಾನೆಯ ಮಾತು ಕೇಳಿದ ತಲೆ ನೆಟ್ಟಗೆ ಎಲ್ಲಿ ಓಡುತ್ತದೆ? ಓಣಿಯ ತುದಿಯಲ್ಲಿ ಸುಮಿತಾಳ ಮೊಬೈಲ್ ರಿಚಾರ್ಜ್ ಅಂಗಡಿ ಇತ್ತು, ಅಲ್ಲಿಗೆ ಓಡಿದಳು.

ಸುಮಿತಾ ಜೋಯಿಡಾ ತಾಲೂಕಿನ ಕುಂಬಾರವಾಡದವಳು, ಮನೆಮಾತು ಕೊಂಕಣಿ. ದಾಂಡೇಲಿಗೆ ಸೊಸೆಯಾಗಿ ಬಂದು ಇಲ್ಲಿಯ ಮಾತನ್ನು ಇಲ್ಲಿಯವರ ಹಾಗೆಯೇ ಕಲಿತಿದ್ದಳು. ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವಳ ಮೇಲೆ ಹರಿಹಾಯುವುದು ಬೇಡ.

"ಸುಮಿತಾ, ಲಗೂನ, ನಮ್ಮವ್ರ ಖಾತೆಕ್ಕ ರೊಕ್ಕ ಹಾಕು. ಅರವತ್ತು ಸಾವಿರ. ಕಾಲ ಹೋಗತೈತವ್ವಾ ಅವ್ರದು," ಎಂದು ಹೊಳೆವ್ವ ಫೋನನ್ನು ಅವಳ ಕೈಗೆ ತುರುಕಿದಳು.

ಸುಮಿತಾ ಬೇರೆ ಏನೂ ಕೇಳದೆ ಆಪ್ ತೆರೆದಳು. "ಕಾಕೂ, ಇದರಾಗ ಮೂರು ಹೆಸರು ಅದಾವ್ರಿ. ಕಾಕಾರ ಹೆಸರೇನು?"

"ಸ್ವಪ್ನಾ ಹಾಕಿಟ್ಟಾಳ ನೋಡು, ಅದ."

"ಮೂರೂ ಅಕಿನ ಹಾಕಿದ್ದಲ್ರಿ. ಹೆಸರು ಹೇಳ್ರಿ."

ಹೊಳೆವ್ವ ಹಿಂತಿರುಗಿ ನೋಡಿದಳು. ಹಿಂದೆ ಇಬ್ಬರು ಗಂಡಸರು ರಿಚಾರ್ಜಿಗೆ ನಿಂತಿದ್ದರು. ಅವರಿರಲಿ, ಯಾರೂ ಇಲ್ಲದಿದ್ದರೂ ಅವಳು ಹೇಳುತ್ತಿರಲಿಲ್ಲ. ಬೇರೆ ದಿನವಾದರೆ ಒಂದು ಪಕ್ಷ ಕಿವಿಯಲ್ಲಿ ಉಸುರುತ್ತಿದ್ದಳೇನೋ. ಗಂಡ ನೆತ್ತರು ಸುರಿಸುತ್ತ ಮಲಗಿರುವ ಇವತ್ತೇ ಅವನ ಆಯುಷ್ಯಕ್ಕೆ ಕೈ ಹಾಕುವುದೇ? ಬಾಯಿ ತೆರೆದರೆ ಸೋದರತ್ತೆಯ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು.

"ಗುಡ್ಡದ ದೇವರ ಹೆಸರವ್ವಾ," ಎಂದಳು ಸೆರಗನ್ನು ಬಾಯಿಗೆ ಒತ್ತಿಕೊಂಡು. "ಜನ ಗುಡ್ಡಕ್ಕ ಹೋಗ್ತಾರಲ್ಲ, ಆ ದೇವರ್ದು."

ಈ ಸೀಮೆಯಲ್ಲಿ ಗುಡ್ಡಕ್ಕೆ ಹೋಗುವುದು ಎಂದರೆ ಒಂದೇ ಅರ್ಥ, ಅದು ಸವದತ್ತಿಯ ಯಲ್ಲಮ್ಮನ ಗುಡ್ಡ. ಯಾವ ಗುಡ್ಡ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹೊಳೆವ್ವನ ಗಂಡನ ಮನೆಯಲ್ಲಿ ಮಾತ್ರ ಗುಡ್ಡ ಎಂದರೆ ಕೊಲ್ಲಾಪುರದ ಆಚೆಯ ಜ್ಯೋತಿಬಾನ ಗುಡ್ಡ. ಇಷ್ಟು ವರ್ಷ ಅತ್ತೆ ಮಾವನ ಬಾಯಲ್ಲಿ ಅದನ್ನೇ ಕೇಳಿ ಕೇಳಿ ಅವಳಿಗೂ ಗುಡ್ಡ ಎಂದರೆ ಅದೇ ಆಗಿಹೋಗಿತ್ತು.

ಸುಮಿತಾ ಮೂರು ಹೆಸರನ್ನೂ ನೋಡಿದಳು. ಒಂದು ಅನ್ನಪೂರ್ಣಾ. ಇನ್ನೊಂದು ಜ್ಯೋತಿ. ಬ್ಯಾಂಕಿನವನು ಯಾವ ಕಾಲದಲ್ಲೋ ಜ್ಯೋತಿಬಾ ಎನ್ನುವುದನ್ನು ಎರಡು ತುಂಡು ಮಾಡಿ, ಜ್ಯೋತಿ ಒಂದು ಕಡೆ, ಬಾ ಒಂದು ಕಡೆ ಬರೆದಿದ್ದ. ಅದೂ ಯಾರೋ ಹೆಂಗಸು ಎಂದುಕೊಂಡಳು ಸುಮಿತಾ. ಮೂರನೆಯದು ಯಲ್ಲಪ್ಪ. ಮೂವರಲ್ಲಿ ಗಂಡಸು ಅವನೊಬ್ಬನೇ, ಗುಡ್ಡದ ದೇವಿಯ ಹೆಸರೂ ಹೌದು. ಇದರಲ್ಲಿ ಇನ್ನೇನು ಅನುಮಾನ? ನೀವಿದ್ದರೂ ಅದನ್ನೇ ಒತ್ತುತ್ತಿದ್ದಿರಿ.

"ತಿಳೀತು ಬಿಡ್ರಿ ಕಾಕೂ. ನಾನೂ ಬಾಯಿಬಿಟ್ಟು ಅನ್ನಂಗಿಲ್ಲ," ಎಂದು ಸುಮಿತಾ ಹೆಸರಿನ ಮೇಲೆ ಬೆರಳಿಟ್ಟು ಫೋನನ್ನು ತಿರುಗಿಸಿ ತೋರಿಸಿದಳು. "ಇದ ಅಲ್ರಿ?"

ಎಷ್ಟು ಒಳ್ಳೆಯ ಮನಸ್ಸು ನೋಡಿ ಅವಳದು. ಇನ್ನೊಬ್ಬ ಹೆಂಗಸಿನ ನಾಚಿಕೆ ಉಳಿಸಲು ಹೋದಳು. ಹೆಸರನ್ನು ಒಂದು ಸಲ ಗಟ್ಟಿಯಾಗಿ ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊಳೆವ್ವ ಆ ಇಂಗ್ಲಿಷ್ ಅಕ್ಷರಗಳನ್ನು ನೋಡಿ ತಲೆ ಆಡಿಸಿದಳು, ಗುಪ್ತ ಸಂಖ್ಯೆ ಒತ್ತಿದಳು. ಟಿಣ್ ಎಂದಿತು. ಹಣ ಹೋಯಿತು.

ಪುಂಡಲೀಕನಿಗೆ ಫೋನ್ ಹಚ್ಚಿ ಕಳಿಸಿದೆ ಎಂದಳು. ಅವನು ನೋಡಿ, ಬಂದಿಲ್ಲ ಎಂದ. ಸ್ವಲ್ಪ ತಡೆದು ಮತ್ತೆ ಮಾಡಿದಳು, ಬಂದಿಲ್ಲ. ಸುಮಿತಾ, "ಸರ್ವರ್ ಡೌನ್ ಇರಬೇಕ್ರಿ, ಒಮ್ಮೊಮ್ಮೆ ಹಿಂಗ ಆಗತೈತಿ" ಎಂದಳು. ಹೊಳೆವ್ವ ಅದನ್ನೇ ಅವನಿಗೂ ಹೇಳಿದಳು: "ಸರ್ವರ್ ಡೌನ್ ಐತಂತೋ ಪುಂಡಲೀಕ. ಡಾಕ್ಟರ್ ಕೈಕಾಲು ಹಿಡಕೋ. ಬರತೈತಿ ಅನ್ನು."

"ಹಿಡಕೊಂಡೇನ್ರಿ ವೈನಿ. ಕೌಂಟರಿನ್ಯಾಗ ರೊಕ್ಕ ಬೀಳೂ ತನಕ ಒಳಗ ತಗೊಳ್ಳಂಗಿಲ್ಲ ಅಂತಾರ."

ಇಬ್ಬರೂ ಅಂಗಡಿಯ ಸ್ಟೂಲಿನ ಮೇಲೆ ಕೂತು ಫೋನನ್ನೇ ನೋಡಿದರು. ಕೊನೆಗೆ ಸುಮಿತಾಳಿಗೆ ತಡೆಯಲಿಲ್ಲ. ಬ್ಯಾಂಕಿನಿಂದ ಬಂದ ಮೆಸೇಜನ್ನು ತೆರೆದು ಮೊದಲಿನಿಂದ ಓದಿದಳು. "ಹೋಗೈತಲ್ರಿ ಕಾಕೂ, ಸ್ವಚ್ಛ ಬರದೈತಿ. ಯಲ್ಲಪ್ಪ ಅನ್ನೋರ ಖಾತೆಕ್ಕ ಜಮಾ ಅಂತ."

"ಯಾರ ಖಾತೆಕ್ಕ?"

"ಯಲ್ಲಪ್ಪ."

ಹೊಳೆವ್ವ ಸ್ಟೂಲಿನಿಂದ ಎದ್ದೇಬಿಟ್ಟಳು. "ಅಯ್ಯ ಯವ್ವಾ, ಅದು ನಮ್ಮವ್ರ ಹೆಸರಲ್ಲವ್ವಾ! ಅಂವ ಮಷೀನ್ ಕೊಟ್ಟಾಂವ!" ಎಂದವಳು ತನ್ನ ಬಾಯಿಯ ಮೇಲೆ ತಾನೇ ಪಟಪಟ ಹೊಡೆದುಕೊಂಡಳು.

ಯಲ್ಲಪ್ಪನ ಸಂಗತಿ ಹೀಗೆ. ಹಳಿಯಾಳದ ಹತ್ತಿರದ ಒಂದು ಹಳ್ಳಿಯವನು. ಹೋದ ವರ್ಷ ಹೊಳೆವ್ವ ಅವನಿಂದ ರೊಟ್ಟಿ ಒತ್ತುವ ಹಳೆಯ ಮಷೀನು ಕೊಂಡಿದ್ದಳು, ಸ್ವಪ್ನಾ ಆಪ್‌ನಿಂದಲೇ ಹಣ ಕಳಿಸಿದ್ದಳು. ಆವತ್ತು ಸೇರಿದ ಹೆಸರು ಹಾಗೇ ಉಳಿದಿತ್ತು. ಮಷೀನು ತಿಂಗಳೊಳಗೆ ಕೆಟ್ಟಿತು. ಹೊಳೆವ್ವ ಬಿಡುತ್ತಾಳೆಯೇ? ಫೋನಿನಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಸಿಗಿದು ತೋರಣ ಕಟ್ಟಿದ್ದಳು. ಅಂದಿನಿಂದ ಅವನು ಅವಳ ನಂಬರನ್ನೇ ಬ್ಲಾಕ್ ಮಾಡಿದ್ದ.

ಈಗ ಎಷ್ಟು ಸಲ ಹಚ್ಚಿದರೂ ಹೋಗಲಿಲ್ಲ. ಸುಮಿತಾ ತನ್ನ ಫೋನಿನಿಂದ ಮಾಡಿದಳು. "ಅಣ್ಣಾರ, ನಿಮ್ಮ ಖಾತೆಕ್ಕ ತಪ್ಪಿ ರೊಕ್ಕ ಬಂದಾವ..." ಎನ್ನುವುದರೊಳಗೆ ಯಲ್ಲಪ್ಪ, "ಈ ಆಟ ನಂಗೊತ್ತೈತಿ. ತಪ್ಪಿ ಬಂದಾವ ಅಂತೀರಿ, ವಾಪಸ್ ಹಾಕು ಅಂತೀರಿ, ಖಾತೆ ಬಳಿದು ಒಯ್ತೀರಿ. ಇಡು ಫೋನ್" ಎಂದು ಕತ್ತರಿಸಿದ. ಎರಡನೆಯ ಸಲ ಎತ್ತಲಿಲ್ಲ. ತಪ್ಪೇನು ಅವನದು? ಹಾಗೆ ಮೋಸ ಮಾಡುವವರು ಇದ್ದಾರೆ, ಫೋನು ಹಚ್ಚಿದರೆ ಅದೇ ಎಚ್ಚರಿಕೆ ಮೊದಲು ಕೇಳುತ್ತದೆ.

ಹೊಳೆವ್ವ ತನ್ನ ಬ್ಯಾಂಕಿಗೆ ಓಡಿದಳು. ಅಲ್ಲಿಯ ಅಧಿಕಾರಿ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡರು. "ಇದು ನಂಬರ್ ನೋಡಿ ಹೋಗೋದಮ್ಮಾ, ಮನಸ್ಸು ನೋಡಿ ಅಲ್ಲ. ಕಳಿಸಿದವರು ನೀವು, ಹೋಗಬೇಕು ಅಂದಲ್ಲಿಗೇ ಹೋಗಿದೆ. ನಾವು ಎಳೆದುಕೊಳ್ಳೋಕೆ ಬರೋದಿಲ್ಲ. ಆ ಬ್ಯಾಂಕಿಗೆ ಬರೆದು ಕೇಳ್ತೇವೆ, ಆ ಮನುಷ್ಯ ಒಪ್ಪಬೇಕು. ಕೆಲವು ದಿನ ಹಿಡಿಯುತ್ತೆ."

"ದಿನಾ?" ಎಂದಳು ಹೊಳೆವ್ವ. "ಸಾಹೇಬ್ರ, ನನ್ನ ಕಡೆ ತಾಸಿಲ್ರಿ."

ಸುಮಿತಾ ಅಂಗಡಿಯ ಬಾಗಿಲು ಎಳೆದು ಸ್ಕೂಟಿ ತೆಗೆದಳು. "ಹತ್ರಿ ಕಾಕೂ. ಹೋಗೂಣು. ಎದುರಿಗೆ ನಿಂತ್ರ ಹೆಂಗ ಇಲ್ಲ ಅಂತಾನ?" ಹಳಿಯಾಳದ ದಾರಿಯುದ್ದಕ್ಕೂ ಹೊಳೆವ್ವ ಗೊತ್ತಿದ್ದ ದೇವರನ್ನೆಲ್ಲ ಬೈಯುತ್ತ, ಮರುಕ್ಷಣವೇ ಅವರಿಗೇ ಕೈ ಮುಗಿಯುತ್ತ ಕೂತಿದ್ದಳು. ನಡುದಾರಿಯಲ್ಲಿ ಪುಂಡಲೀಕನ ಫೋನು. ಕಾಲು ತಣ್ಣಗಾಗುತ್ತಿದೆ, ಬೆರಳು ಮುಟ್ಟಿದರೆ ಅಣ್ಣನಿಗೆ ಗೊತ್ತಾಗುತ್ತಿಲ್ಲ ಎಂದ. ಹೊಳೆವ್ವನಿಗೆ ಏನು ಹೇಳಬೇಕು ತಿಳಿಯದೆ, "ಸರ್ವರೋ ಪುಂಡಲೀಕ, ಸರ್ವರ್" ಎಂದಳು.

ಯಲ್ಲಪ್ಪನ ಮನೆಯಂಗಳದಲ್ಲಿ ಅವನ ಹೆಂಡತಿ ತಾಯವ್ವ ಗೋವಿನಜೋಳ ಹರವಿಕೊಂಡು ಕೂತಿದ್ದಳು. ಹೊಳೆವ್ವ ಅವಳನ್ನು ಎಂದೂ ನೋಡಿರಲಿಲ್ಲ. ಆದರೆ ಬಾಯಿ ತೆರೆದ ಕೂಡಲೇ ತಾಯವ್ವ ದನಿಯ ಗುರುತು ಹಿಡಿದಳು.

"ನೀ ಅಲ್ಲೇನ ಬೇ, ದಾಂಡೇಲಿಯಾಕಿ? ನಮ್ಮ ಮನಿತನ ಎಕ್ಕುಟ್ಟಿ ಹೋಗ್ಲಿ ಅಂದಾಕಿ?"

"ನಾನ ಯವ್ವಾ. ಆ ಬಾಯಿಗೆ ಬೆಂಕಿ ಹಚ್ಚು. ನಿನ್ನ ಕಾಲು ಬೀಳ್ತೇನಿ, ನಿಮ್ಮವ್ರನ್ನ ಕರಿ," ಎಂದು ಹೊಳೆವ್ವ ಆ ಜೋಳದ ನಡುವೆಯೇ ಬಿದ್ದಳು. ಸಂತೆಯನ್ನೇ ನಡುಗಿಸುವ ಹೆಂಗಸು ಮಣ್ಣಿನಲ್ಲಿ ಹಣೆ ಹಚ್ಚಿದ್ದನ್ನು ಸುಮಿತಾ ನೋಡಲಾರದೆ ಮುಖ ತಿರುಗಿಸಿದಳು.

ತಾಯವ್ವ ಕೂಗಿದಳು, ಯಲ್ಲಪ್ಪ ಕಬ್ಬಿನ ಹೊಲದಿಂದ ಕುಡುಗೋಲು ಹಿಡಿದೇ ಬಂದ. ಕೇಳಿದ. ಕೇಳಿದ್ದು ಒಂದೂ ಅವನ ತಲೆಗೆ ಹೋಗಲಿಲ್ಲ. ಹೆಣ್ಣುಮಗಳು ಮಷೀನಿನ ಸೇಡು ತೀರಿಸಲು ಪೊಲೀಸ್ ಕೇಸಿನಲ್ಲಿ ಸಿಕ್ಕಿಸಲಿಕ್ಕೆ ಏನೋ ಹೂಡಿದ್ದಾಳೆ ಎಂದೇ ಅವನ ಗುಮಾನಿ.

"ನಿನ್ನ ಗಂಡಗ ಹಾಕೂ ರೊಕ್ಕ ನನಗ ಹೆಂಗ ಬರತೈತಿ? ಅವ್ರೂ ಯಲ್ಲಪ್ಪ ಏನು?"

"ಅಲ್ರಿ ಅಣ್ಣಾ. ನಾ ಗುಡ್ಡದ ದೇವರ ಹೆಸರು ಅಂದೆ. ಈಕಿ ನಿಮ್ಮ ಹೆಸರು ಅಂತ ತಿಳಕೊಂಡ್ಳು."

"ಗುಡ್ಡ ಅಂದ್ರ ಯಲ್ಲಮ್ಮಂದು. ಹಂಗಾರ ಯಲ್ಲಪ್ಪ ಅಂತನ ಆತಲ್ಲ?"

"ಅದಲ್ರಿ, ಬ್ಯಾರೆ ಗುಡ್ಡ."

"ಯಾವ ಗುಡ್ಡವ್ವಾ ಬ್ಯಾರೆ? ಏನ್ ಹೇಳಾಕತ್ತಿ ನೀನು? ಹೆಸರು ಹೇಳು. ಗಂಡನ ಹೆಸರೂ ಗೊತ್ತಿಲ್ಲದಾಕಿ ನನ್ನ ಮುಂದ ಬಂದು ಅಳ್ತಿ?"

ಸುಮಿತಾ ಹೇಳಲು ಬಾಯಿ ತೆರೆದಳು, ಆದರೆ ಅವಳಿಗೂ ಹೆಸರು ಗೊತ್ತಿರಲಿಲ್ಲ. ಹೊಳೆವ್ವ ಎದ್ದು ನಿಂತಳು. ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ.

"ಜ್ಯೋತಿಬಾ!" ಎಂದಳು. ಹೇಳಿದ್ದಲ್ಲ ಅದು, ಚೀರಿದ್ದು. "ಜ್ಯೋತಿಬಾ ಅಂತ ರೀ ನನ್ನ ಗಂಡನ ಹೆಸರು! ಜ್ಯೋತಿಬಾ! ಸಾಕೇನ್ರಿ?"

ನಾನು ಅವರನ್ನು ಕೊಂದೆ, ಇವತ್ತೇ ಕೊಂದೆ ಎಂದು ಅವಳ ಎದೆಯಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ತಾಯವ್ವ ಮೊರ ಕೆಳಗಿಟ್ಟು ಎದ್ದಳು. ಅವಳೂ ಇಷ್ಟು ವರ್ಷದ ಬಾಳುವೆಯಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ.

"ನಡೀರಿ, ಪಾಸ್‌ಬುಕ್ಕ ತಗೋರಿ," ಎಂದಳು ಗಂಡನಿಗೆ. "ಸುಳ್ಳು ಹೇಳಾಕ ಬಂದಾಕಿ ಬ್ಯಾರೆ ಏನರ ಹೇಳತಿದ್ಲು. ಇದನ್ನ ಹೇಳತಿದ್ದಿಲ್ಲ."

ಯಲ್ಲಪ್ಪ ಅಂಗಿಯನ್ನೂ ಬದಲಿಸಲಿಲ್ಲ. ಕೆಟ್ಟ ಮಷೀನು ಮಾರಿದವನು ಎಂದು ನಾನೂ ಅವನನ್ನು ಬೈಯಬೇಕೆಂದಿದ್ದೆ, ಬಿಟ್ಟೆ. ಅವನ ಫೋನು ಬಟನ್ನಿನದು, ಅದರಲ್ಲಿ ಆಪ್ ಗೀಪ್ ಇಲ್ಲ. ಮೂವರೂ ಹಳಿಯಾಳದ ಅವನ ಬ್ಯಾಂಕಿಗೆ ಹೋದರು. ಚೀಟಿ ತುಂಬಬೇಕು, ಯಲ್ಲಪ್ಪ ಸಹಿ ಮಾಡಬೇಕು, ಒಳಗೆ ಒಬ್ಬರು ನೋಡಿ ಒಪ್ಪಬೇಕು. ಸುಮಿತಾ ಹೊಳೆವ್ವನ ಫೋನಿನಿಂದ ಖಾತೆಯ ನಂಬರು ಓದಲು ಹೋಗಿ, "ಅಯ್ಯ ದೇವರ, ಇದನ್ನ ನಾ ಹೆಂಗಸಂದು ಅಂದುಕೊಂಡಿದ್ದೆ" ಎಂದು ಅಳತೊಡಗಿದಳು. ಕೌಂಟರಿನ ಗುಮಾಸ್ತ ಹಣ ಸೇರಬೇಕಾದವರ ಹೆಸರು ಕೇಳಿದ. ಹೊಳೆವ್ವ ಹೇಳಿದಳು. ಜೋರಾಗಿ ಹೇಳಿ ಎಂದ. ಜೋರಾಗಿ ಹೇಳಿದಳು. ಬಾ ಬಿಡಿಸಿ ಬರೆಯಬೇಕೋ ಕೂಡಿಸಿಯೋ ಎಂದ. ಅವನಿಗೆ ಅದೊಂದು ಹೆಸರು, ಅಷ್ಟೇ.

"ಅರ್ಧರ್ಧ ತಾಸಿಗೊಮ್ಮೆ ಕಟ್ಟು ಕಟ್ಟಿ ಹೋಗ್ತಾವ್ರಿ. ಈಗಿಂದು ಹೋತು. ಮುಂದಿಂದ್ರಾಗ ಹೋಗತೈತಿ," ಎಂದ.

ಆ ಅರ್ಧ ತಾಸು ಹೇಗಿತ್ತೆಂದು ನಾನು ಹೇಳಲಾರೆ. ಹೊಳೆವ್ವ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ತನ್ನ ಕಾಲನ್ನೇ ಒತ್ತಿ ಒತ್ತಿ ತಿಕ್ಕುತ್ತಿದ್ದಳು, ಗಂಡನ ಕಾಲಿಗೆ ಇಲ್ಲಿಂದ ನೆತ್ತರು ಹರಿಸುವವಳ ಹಾಗೆ. ಯಲ್ಲಪ್ಪ ಚಹಾ ತಂದಿಟ್ಟ, ಅದು ಕೆನೆ ಕಟ್ಟಿತು. ಕೊನೆಗೆ ಪುಂಡಲೀಕನ ಫೋನು ಬಂತು. "ಬಂತು ವೈನಿ! ಬಂತು! ಕಟ್ಟಾಕ ಹೊಂಟೇನಿ!" ಎಂದು ಕೂಗಿದ. ಒಳಗೆ ತೆಗೆದುಕೊಂಡರು ಎಂದು ಮತ್ತೊಂದು ಸಲ ಮಾಡಿ ಹೇಳಿದ. ಹೊಳೆವ್ವ ಸುಮಿತಾಳ ಹೆಗಲಿಗೆ ಬಿದ್ದು ಬಾಯಿ ಬಿಟ್ಟು ಅತ್ತಳು.

ದಾಂಡೇಲಿಗೆ ಮರಳಿ ಬಟ್ಟೆ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಗೋವಾಕ್ಕೆ ಹೊರಡುವುದೆಂದು ಸ್ಕೂಟಿ ಹತ್ತಿದರು. ಊರು ಇನ್ನೂ ದೂರವಿತ್ತು, ದಾರಿಯ ಎರಡೂ ಕಡೆ ಸಾಗುವಾನಿಯ ಕಾಡು. ಫೋನು ಬಂತು. ಸುಮಿತಾ ಗಾಡಿಯನ್ನು ಬದಿಗೆ ತೆಗೆದಳು.

ಪುಂಡಲೀಕನದು. "ವೈನಿ, ಒಳಗ ತಗದು ನೋಡಿದ್ರಂತ. ಮಾಂಸ ಎಲ್ಲಾ ಸತ್ತೈತಂತ. ಮುಂಜಾನೆ ಆಗಿದ್ರ ಉಳೀತಿತ್ತು ಅಂದ್ರು. ಈಗ ಮಣಕಾಲ ಮ್ಯಾಲಿಂದ ತಗೀಬೇಕಂತ, ಬಿಟ್ರ ವಿಷ ಮೈಗೆಲ್ಲಾ ಏರತೈತಂತ. ಅಣ್ಣಗ ಎಚ್ಚರ ಇಲ್ಲ. ಮನಿಯವರು ಹೂಂ ಅನಬೇಕಂತ, ಡಾಕ್ಟರ್ ಬಾಜೂಕ ನಿಂತಾರ."

ಹೊಳೆವ್ವ ಕಾಡನ್ನು ನೋಡಿದಳು. ಲಾರಿಯೊಂದು ಧೂಳೆಬ್ಬಿಸಿ ಹೋಯಿತು.

"ತಗೀಲಿ," ಎಂದಳು. "ಜೀವ ಒಂದು ಇರ್ಲಿ ಅನ್ನು. ಹೂಂ ಅಂದಾಳ ಅನ್ನು."

ಜೀವ ಉಳಿಯಿತು. ಜ್ಯೋತಿಬಾ ಮನೆಗೆ ಬಂದು ಈಗ ಎರಡು ಮಳೆಗಾಲ ಕಳೆದವು. ಸ್ವಪ್ನಾ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಕಾಲೇಜಿಗೆ ಹೋದಳು. ಅವನು ಕಂಕುಳಿಗೆ ಕೋಲು ಕೊಟ್ಟುಕೊಂಡು ಬಂದು ಚಪ್ಪರದಡಿ ಕೂರುತ್ತಾನೆ, ರೊಟ್ಟಿಯನ್ನು ಹತ್ತು ಹತ್ತರಂತೆ ಜೋಡಿಸಿ ಕಾಗದ ಸುತ್ತುತ್ತಾನೆ. ಮೊದಲು ಮಾತಾಡದ ಮನುಷ್ಯ ಈಗ ಬಂದವರೊಡನೆಲ್ಲ ಮಾತಾಡುತ್ತಾನೆ. ಹೊಳೆವ್ವನೇ ಮೆತ್ತಗಾಗಿದ್ದಾಳೆ. ವ್ಯಾಪಾರಿ ತೂಕದಲ್ಲಿ ಹೊಡೆದರೂ ಸುಮ್ಮನೆ ಚೀಲ ಎತ್ತಿಕೊಂಡು ಬರುತ್ತಾಳೆ. ಗುಡ್ಡದ ಸಂಗತಿಯನ್ನು ಅವಳು ಗಂಡನಿಗೆ ಹೇಳಿಲ್ಲ. ಸುಮಿತಾ ಹೇಳಿಲ್ಲ. ಪುಂಡಲೀಕನಿಗೆ ಗೊತ್ತೇ ಇಲ್ಲ, ಅವನಿಗೆ ಗೊತ್ತಿದ್ದದ್ದು ಸರ್ವರ್ ಒಂದೇ.

ಮೊನ್ನೆ ಪುಂಡಲೀಕ ಊರಿಗೆ ಬಂದವನು ಅಣ್ಣನನ್ನು ನೋಡಿ ಹೋಗಲು ಬಂದಿದ್ದ. ಮಾತು ಆ ದಿನಕ್ಕೆ ಹೊರಳಿತು. ಹೊಳೆವ್ವ ತಲೆ ಎತ್ತದೆ ಹಿಟ್ಟು ತಟ್ಟುತ್ತಿದ್ದಳು.

"ವೈನಿ ಹೊತ್ತಿಗೆ ಸರಿಯಾಗೇ ಹಾಕಿದ್ರು ಅಣ್ಣಾ," ಎಂದ ಪುಂಡಲೀಕ. "ಸರ್ವರಿನವರು ಕೊಂದ್ರು ನಮ್ಮನ್ನ."

ಜ್ಯೋತಿಬಾ ಇಲ್ಲದ ಕಾಲಿನ ಕಡೆ ಲುಂಗಿಯನ್ನು ಮಡಚಿ ಸಿಕ್ಕಿಸಿಕೊಂಡ. "ಯಾರ ದೆಸಿಂದ ತಡಾ ಆತೋ," ಎಂದ, ಒಂದೊಂದೇ ಮಾತನ್ನು ನಿಧಾನವಾಗಿ ಒತ್ತಿ, "ಅವರ ಕೈ ಸೇದಿ ಬಿದ್ದು ಹೋಗ್ಲಿ."

ಹೊಳೆವ್ವ ತಟ್ಟಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು.

"ಹೋಗ್ಲಿ ರೀ," ಎಂದಳು. "ನಾಲಿಗೀನೂ ಹೋಗ್ಲಿ."